ವಾಲ್ಸಿಂಗ್‌ಹ್ಯಾಮ್‌ನ ಮರದ ಚಾಪೆಲ್: ಇಲ್ಲದ ಕಟ್ಟಡವನ್ನು ಓದುವ ಬಗೆ

ಮೊದಲು ಅಳತೆ ಬರೆದುಕೊಳ್ಳಿ: ಉದ್ದ 23 ಅಡಿ 6 ಅಂಗುಲ, ಅಗಲ 12 ಅಡಿ 10 ಅಂಗುಲ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ವಾಲ್ಸಿಂಗ್‌ಹ್ಯಾಮ್ ಹಳ್ಳಿಯಲ್ಲಿದ್ದ ಮೇರಿಮಾತೆಯ ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾಮಂದಿರ, ಇಷ್ಟೇ ಇತ್ತು. 1479ರಲ್ಲಿ ವಿಲಿಯಂ ವೂರ್ಸ್ಟರ್ ಎಂಬ ಪ್ರವಾಸಿ ಇದನ್ನು ದಾಖಲಿಸಿಟ್ಟ. ಒಂದು ಹಳೆಯ ಮನೆಯ ಪಡಸಾಲೆಯಷ್ಟು ಜಾಗ. ಅಲ್ಲಿಗೆ ಇಂಗ್ಲೆಂಡಿನ ಅರಸರೂ ಯಾತ್ರೆ ಬರುತ್ತಿದ್ದರು.

ಹುಟ್ಟಿನ ಕಥೆ ಹೀಗಿದೆ. 1061ರಲ್ಲಿ ರಿಚೆಲ್ಡಿಸ್ ಎಂಬ ಸ್ಥಿತಿವಂತ ಹೆಂಗಸಿಗೆ ಮೇರಿ ದರ್ಶನ ಕೊಟ್ಟು, ನಜರೇತಿನ ತನ್ನ ಮನೆಯಂಥದೇ ಮನೆಯೊಂದನ್ನು ಕಟ್ಟಿಸು ಎಂದಳಂತೆ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ‘ಅಂತೆ’ಯನ್ನು ಮರೆಯಬೇಡಿ. 1061 ಎಂಬ ವರ್ಷ ಬರುವುದು 15ನೇ ಶತಮಾನದ ಕೊನೆಯ ಸುಮಾರಿಗೆ ಅಚ್ಚಾದ ಲಾವಣಿಯೊಂದರಲ್ಲಿ. ನಡುವೆ ನಾನೂರು ವರ್ಷಗಳ ಕಂದಕವಿದೆ. ದಾನಪತ್ರದ ಮಾತು ಹೆಚ್ಚು ಗಟ್ಟಿ: ಜೆಫ್ರಿ ಎಂಬಾತ ಜೆರುಸಲೇಮಿಗೆ ಹೊರಡುವಾಗ, ತನ್ನ ತಾಯಿ ರಿಚೆಲ್ಡಿಸ್ ಕಟ್ಟಿಸಿದ ಚಾಪೆಲನ್ನು ಎಡ್ವಿನ್ ಎಂಬ ಪಾದ್ರಿಗೆ ಒಪ್ಪಿಸಿದ. ಹಲವು ಇತಿಹಾಸಕಾರರು ಕಟ್ಟಡವನ್ನು 12ನೇ ಶತಮಾನಕ್ಕೆ ತರುವುದು ಇದರ ಬಲದ ಮೇಲೆ. ಅದೇ ಶತಮಾನದಲ್ಲಿ ಪಕ್ಕದಲ್ಲೇ ಅಗಸ್ಟೀನಿಯನ್ ಮಠವೂ (ಸಂತ ಅಗಸ್ಟೀನನ ನಿಯಮ ಪಾಲಿಸುವ ಪಾದ್ರಿಗಳ ಮಠ) ಬಂತು.

ನನಗೆ ಅತಿ ಸ್ವಾರಸ್ಯವೆನಿಸಿದ ಸಾಕ್ಷಿ ಎರಾಸ್ಮಸ್‌ನದು. 1512ರಲ್ಲಿ ಇಲ್ಲಿಗೆ ಬಂದಿದ್ದ ಈ ವಿದ್ವಾಂಸ, ಯಾತ್ರೆಗಳನ್ನು ಗೇಲಿ ಮಾಡುವ ಸಂಭಾಷಣೆಯೊಂದರಲ್ಲಿ ಕಂಡದ್ದನ್ನು ವರ್ಣಿಸಿದ. ಗೇಲಿಯ ಬರಹವೆಂದು ತಳ್ಳಿಹಾಕುವಂತಿಲ್ಲ. ಹಲಗೆಗಳ ಪುಟ್ಟ ಮನೆ, ಅದನ್ನು ಕಾಪಾಡಲು ಸುತ್ತ ಎತ್ತಿದ ಇನ್ನೊಂದು ಕಟ್ಟಡ, ಅಂದರೆ ಗುಡಿಯೊಳಗೊಂದು ಗುಡಿ. ಒಳಗೆ ಮೇಣದಬತ್ತಿಯದಷ್ಟೇ ಬೆಳಕು. ಹೊರ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಕಿಟಕಿಗಳು ತೆರೆದೇ ಇದ್ದು ಕಡಲ ಗಾಳಿ ನುಗ್ಗುತ್ತಿತ್ತು. ಅದೇ ಕಾಲದ ಅರಮನೆಯ ಲೆಕ್ಕಪತ್ರ ತೆಗೆದರೆ, ಎಂಟನೇ ಹೆನ್ರಿ ಈ ಚಾಪೆಲ್‌ನ ಕಿಟಕಿಗಳಿಗೆ ಗಾಜು ಹಾಕಿಸಲು ಹಣ ಕೊಟ್ಟದ್ದು ಸಿಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆಗಳು ಒಂದೇ ಕಿಟಕಿಯನ್ನು ತೋರಿಸುತ್ತಿವೆ!

ಕಾಣಿಕೆಯ ಲೆಕ್ಕವೂ ಉಳಿದಿದೆ. 1535ರಲ್ಲಿ ಅರಸ ಮಾಡಿಸಿದ ಚರ್ಚು-ಮಠಗಳ ಆದಾಯದ ಗಣತಿಯ ಪ್ರಕಾರ ಮೇರಿಯ ಚಾಪೆಲ್‌ಗೆ ಬಂದದ್ದು 250 ಪೌಂಡ್ 1 ಶಿಲ್ಲಿಂಗ್. ಅಲ್ಲೇ ಇದ್ದ ಸಂತ ಲಾರೆನ್ಸ್‌ನ ಚಾಪೆಲ್‌ಗೆ ಒಂಬತ್ತು ಪೌಂಡ್ ಕೂಡ ದಾಟಲಿಲ್ಲ.

ಮೂರೇ ವರ್ಷಕ್ಕೆ, 1538ರಲ್ಲಿ, ಗಾಜಿಗೆ ಹಣ ಕೊಟ್ಟಿದ್ದ ಅದೇ ಹೆನ್ರಿಯ ಆಳ್ವಿಕೆಯಲ್ಲಿ ಮಠ ಮುಚ್ಚಿತು. ಮೇರಿಯ ವಿಗ್ರಹವನ್ನು ಲಂಡನ್ನಿಗೆ ಒಯ್ದು ಸುಟ್ಟರು. ಚಾಪೆಲ್ ನೆಲಸಮವಾಯಿತು. 1961ರ ಉತ್ಖನನದಲ್ಲಿ ಮಠದ ಚರ್ಚಿನ ಉತ್ತರ ಮಗ್ಗುಲಲ್ಲಿ ಅದರ ಜಾಗ ಪತ್ತೆಯಾಯಿತು, ಬೂದಿಯ ಪದರದೊಂದಿಗೆ. ಹಲಗೆಯ ಮನೆ ಎಂದ ಎರಾಸ್ಮಸ್‌ನನ್ನು ಇಲ್ಲಿ ಇನ್ನೊಮ್ಮೆ ನೆನೆಯಬಹುದು.

ಒಂದು ಎಚ್ಚರ: ಇಂದು ಚಿತ್ರಗಳಲ್ಲಿ ಕಾಣುವ ಸ್ಲಿಪ್ಪರ್ ಚಾಪೆಲ್ ಇದಲ್ಲ. ಸುಮಾರು ಒಂದು ಮೈಲಿ ದೂರದ ಆ 14ನೇ ಶತಮಾನದ ಕಲ್ಲಿನ ಕಟ್ಟಡ ಯಾತ್ರಿಕರ ಕೊನೆಯ ತಂಗುದಾಣವಾಗಿತ್ತು. ಮುಂದೆ ಅದು ದನದ ಕೊಟ್ಟಿಗೆಯೂ ಆಯಿತು. ಉಳಿದದ್ದು ಅದರಿಂದಲೇ ಇರಬೇಕು.