ಸಿಂಪ್ಸನ್ಸ್‌ಗೆ ಟ್ರಂಪ್ ವಿಷಯ ಮೊದಲೇ ಗೊತ್ತಿತ್ತಾ?

ಪ್ರಶ್ನೆ: ಅಮೆರಿಕದ ಟಿವಿ ಕಾರ್ಟೂನ್ ‘ಸಿಂಪ್ಸನ್ಸ್’ನಲ್ಲಿ ಬರುವ ಚರಿತ್ರೆಯ ವ್ಯಕ್ತಿಗಳೆಲ್ಲ ನಿಜವಾಗಿ ಇದ್ದವರೇ? ಟ್ರಂಪ್ ಅಧ್ಯಕ್ಷರಾಗುವುದನ್ನು 2000ನೇ ಇಸವಿಯಲ್ಲೇ ತೋರಿಸಿದ್ದರಂತೆ. ಅದು ಹೇಗೆ ಸಾಧ್ಯ ಸಾರ್?

ಉತ್ತರ: ಮೊದಲ ಅರ್ಧ ಕೇಳಿದವರು ನೀವೊಬ್ಬರೇ, ಖುಷಿಯಾಯಿತು. ಎರಡನೇ ಅರ್ಧ ಎಷ್ಟನೇ ಸಲ ಅಂತ ಲೆಕ್ಕ ಬಿಟ್ಟಿದ್ದೇನೆ. ಮೊನ್ನೆ ಬಸವನಹಳ್ಳಿ ರಸ್ತೆಯಲ್ಲಿ ಸೊಪ್ಪು ಆರಿಸುತ್ತಿದ್ದೆ. ಹಳೇ ವಿದ್ಯಾರ್ಥಿಯೊಬ್ಬ ಬಂದು ನಮಸ್ಕಾರವನ್ನೂ ಹೇಳದೆ ಫೋನನ್ನು ಮೂಗಿನ ಹತ್ತಿರ ಹಿಡಿದ. ಅದೇ ವಿಡಿಯೋ.

ಮೊದಲ ಅರ್ಧ ಬೇಗ ಮುಗಿಸುತ್ತೇನೆ. ಬಹುಪಾಲು ನಿಜವಾಗಿ ಇದ್ದವರೇ. 1993ರ ದೆವ್ವದ ಕಂತೊಂದರಲ್ಲಿ ಸಿಂಪ್ಸನ್ಸ್ ಮನೆಯ ಅಪ್ಪ ಹೋಮರ್ ಒಂದು ಡೋನಟ್ ಆಸೆಗೆ ಸೈತಾನನಿಗೆ ಆತ್ಮ ಮಾರಿಕೊಳ್ಳುತ್ತಾನೆ. ವಿಚಾರಣೆಗೆ ನರಕದಿಂದಲೇ ಪಂಚರು ಬರುತ್ತಾರೆ. ಲಿಂಕನ್‌ಗೆ ಗುಂಡು ಹೊಡೆದ ಜಾನ್ ವಿಲ್ಕ್ಸ್ ಬೂತ್, ಕಡಲುಗಳ್ಳ ಬ್ಲ್ಯಾಕ್‌ಬಿಯರ್ಡ್, ಜೊತೆಗೆ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್. ನಿಕ್ಸನ್ ‘ನಾನಿನ್ನೂ ಸತ್ತಿಲ್ಲವಲ್ಲ’ ಅಂತ ತಕರಾರು ತೆಗೆಯುತ್ತಾನೆ. ನಿಜವಾದ ನಿಕ್ಸನ್ ಆಗ ಬದುಕಿದ್ದರು, ತೀರಿಕೊಂಡಿದ್ದು 1994ರ ಏಪ್ರಿಲ್‌ನಲ್ಲಿ. ಇಸವಿ ಗೊತ್ತಿಲ್ಲದಿದ್ದರೆ ಆ ಜೋಕೇ ತಲೆಗೆ ಹೋಗುವುದಿಲ್ಲ. ನಾನು ತರಗತಿಯಲ್ಲಿ ಇಸವಿ ಬರೆಸಿದರೆ ಮಾತ್ರ ಎಲ್ಲರಿಗೂ ಆಕಳಿಕೆ.

ಈಗ ಟ್ರಂಪ್. ನೀವೆಲ್ಲ ಕಳಿಸುವ ವಿಡಿಯೋದಲ್ಲಿ ಕಾರ್ಟೂನ್ ಟ್ರಂಪ್ ಎಸ್ಕಲೇಟರ್ ಮೇಲೆ ಇಳಿದು ಬರುತ್ತಾರೆ. ಪಕ್ಕದಲ್ಲೇ ನಿಜವಾದ ಟ್ರಂಪ್ ಹಾಗೇ ಇಳಿಯುವ ದೃಶ್ಯ. ಒಂದರ ಮೇಲೆ ‘2000’, ಇನ್ನೊಂದರ ಮೇಲೆ ‘2015’ ಅಂತ ದೊಡ್ಡ ಅಕ್ಷರ. ಆ ‘2000’ ಬರೆದವರು ಕಾರ್ಟೂನ್ ಮಾಡಿದವರಲ್ಲ, ಯಾರೋ ಪುಣ್ಯಾತ್ಮರು ಆಮೇಲೆ ಅಂಟಿಸಿದ್ದು. ಟ್ರಂಪ್ ನ್ಯೂಯಾರ್ಕಿನ ತಮ್ಮ ಕಟ್ಟಡದ ಎಸ್ಕಲೇಟರ್ ಇಳಿದು ಚುನಾವಣೆಗೆ ನಿಲ್ಲುತ್ತೇನೆ ಎಂದಿದ್ದು 2015ರ ಜೂನ್ 16ರಂದು. ಆ ಕಾರ್ಟೂನ್ ತುಣುಕು ಬಂದಿದ್ದು ಅದೇ ವರ್ಷ ಜುಲೈನಲ್ಲಿ. ಅಂದರೆ ಟಿವಿಯಲ್ಲಿ ನೋಡಿಕೊಂಡು ಆಮೇಲೆ ಬಿಡಿಸಿದ ಚಿತ್ರ. ಉತ್ತರ ಪತ್ರಿಕೆ ಪಕ್ಕದಲ್ಲಿಟ್ಟುಕೊಂಡು ಬರೆದವನಿಗೆ ನೂರಕ್ಕೆ ನೂರು ಬಂತು ಅಂತ ಹಾರ ಹಾಕುತ್ತೀರಾ?

‘ಹಾಗಾದರೆ 2000ದ ಕಂತು ಸುಳ್ಳಾ?’ ಅಂತ ಆ ಹುಡುಗನೂ ಕೇಳಿದ. ಸುಳ್ಳಲ್ಲ. ಆ ವರ್ಷ ಮಾರ್ಚ್ 19ರಂದು ಒಂದು ಕಂತು ಬಂದಿದ್ದು ಹೌದು. ಮೂವತ್ತು ವರ್ಷ ಮುಂದಿನ ಕಥೆ, ಹೋಮರನ ಮಗಳು ಲೀಸಾ ಅಮೆರಿಕದ ಅಧ್ಯಕ್ಷೆ. ಟ್ರಂಪ್ ಕಾಲದಿಂದ ಬೊಕ್ಕಸ ಬರಿದಾಗಿದೆ ಅನ್ನುವ ಅರ್ಥದ ಒಂದು ಮಾತು ಆಡುತ್ತಾಳೆ. ಅಷ್ಟೇ. ಟ್ರಂಪ್ ಮುಖ ಕೂಡ ಬರುವುದಿಲ್ಲ.

ಆ ಒಂದು ಮಾತಾದರೂ ಭವಿಷ್ಯವೇ? ಅದೂ ಅಲ್ಲ. ಟ್ರಂಪ್ 1999ರಲ್ಲೇ ರಿಫಾರ್ಮ್ ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ಪ್ರಯತ್ನ ಶುರು ಮಾಡಿದ್ದರು. 2000ದ ಫೆಬ್ರವರಿಯಲ್ಲಿ ಕೈಬಿಟ್ಟರು. ಕಂತು ಬಂದಿದ್ದು ಅದಾದ ಮುಂದಿನ ತಿಂಗಳು. ಆಗಿನ ಪೇಪರಿನಲ್ಲಿದ್ದ ಹೆಸರನ್ನೇ ತಮಾಷೆಗೆ ಎತ್ತಿಕೊಂಡಿದ್ದಾರೆ. ಕಂತು ಬರೆದ ಡ್ಯಾನ್ ಗ್ರೀನಿ ಅವರೇ ಮುಂದೆ 2016ರಲ್ಲಿ, ಅದು ಅಮೆರಿಕಕ್ಕೆ ಕೊಟ್ಟ ಎಚ್ಚರಿಕೆಯಾಗಿತ್ತು ಎಂದರು. ಜೂನ್ ತಿಂಗಳಲ್ಲಿ, ಗಿರಿ ಮೇಲೆ ಮೋಡ ಕವಿದಿರುವಾಗ, ‘ಇವತ್ತು ಮಳೆ ಬರುತ್ತೆ ನೋಡಿ’ ಅಂದವನನ್ನು ನಮ್ಮೂರಲ್ಲಿ ಯಾರೂ ಜ್ಯೋತಿಷಿ ಅನ್ನುವುದಿಲ್ಲ, ಅಲ್ವಾ? ಮೇಲಾಗಿ 1989ರಿಂದ ಏಳು ನೂರಕ್ಕೂ ಜಾಸ್ತಿ ಕಂತು ಬಂದಿವೆ. ಅಷ್ಟು ಕಲ್ಲು ಹೊಡೆದರೆ ಒಂದೆರಡು ಮಾವಿನಕಾಯಿ ಬಿದ್ದೇ ಬೀಳುತ್ತವೆ. ಬೀಳದ ಕಲ್ಲುಗಳ ವಿಡಿಯೋ ಯಾರೂ ಮಾಡುವುದಿಲ್ಲ.

ನೀವು ಕೇಳಬೇಕಿದ್ದದ್ದು ಟ್ರಂಪ್ ಬಗ್ಗೆ ಅಲ್ಲ, ಜೆಬೆಡಯಾ ಸ್ಪ್ರಿಂಗ್‌ಫೀಲ್ಡ್ ಬಗ್ಗೆ. ಕಾರ್ಟೂನಿನವರು ವಾಸಿಸುವ ಊರು ಕಟ್ಟಿದವನು, ಬರಿಗೈಯಲ್ಲಿ ಕರಡಿ ಕೊಂದವನು, ಚೌಕದಲ್ಲಿ ಪ್ರತಿಮೆ ಇರುವವನು. ಪೂರಾ ಕಲ್ಪನೆ. 1990ರ ಕಂತಿನಲ್ಲಿ, ಬಹುಶಃ ಕರಡಿಯೇ ಅವನನ್ನು ಕೊಂದಿತ್ತು ಅಂತ ಟಿವಿ ಸುದ್ದಿಯಲ್ಲಿ ಹೇಳುತ್ತಾರೆ. 1996ರಲ್ಲಿ ಅವನು ಜಾರ್ಜ್ ವಾಷಿಂಗ್ಟನ್ನರನ್ನು ಕೊಲ್ಲಲು ಹೋಗಿದ್ದ ಕಡಲುಗಳ್ಳ ಅಂತ ಲೀಸಾ ಪತ್ತೆ ಮಾಡುತ್ತಾಳೆ. ಊರವರ ಮುಖ ನೋಡಿ ಸುಮ್ನೆ ಆಗುತ್ತಾಳೆ.

ಇದು ಎಲ್ಲೋ ಕೇಳಿದ ಹಾಗಿದೆಯಲ್ಲ? ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಿಂದಿನ ಸೊಸೆವೂರು. ಅಲ್ಲಿ ಮುನಿಗಳು ‘ಹೊಯ್ ಸಳ’ ಅಂದರು, ಸಳ ಹುಲಿಯನ್ನು ಹೊಡೆದ, ವಂಶಕ್ಕೆ ಹೆಸರು ಬಂತು. ಇಲ್ಲೂ ಇಸವಿ ನೋಡಿ. ಹೊಯ್ಸಳರು ತಲೆಯೆತ್ತಿದ್ದು ಹತ್ತನೇ ಶತಮಾನದಲ್ಲಿ. ಈ ಕಥೆ ಶಾಸನದಲ್ಲಿ ಕಾಣಿಸುವುದು ವಿಷ್ಣುವರ್ಧನನ ಕಾಲಕ್ಕೆ, 1117ರ ಬೇಲೂರಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ಚೋಳರ ಲಾಂಛನ ಹುಲಿ. ಹುಲಿಯ ಕಥೆ ಆ ಗೆಲುವಿನ ಗುರುತು ಅಂತ ಎರಡನ್ನೂ ಸೇರಿಸಿ ಓದುವ ಇತಿಹಾಸಕಾರರು ಇದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಒಮ್ಮೆ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲ ಪಕ್ಕದ ಸಳನ ಶಿಲ್ಪದ ಮುಂದೆ ಗೈಡ್ ಜೋರು ದನಿಯಲ್ಲಿ ಕಥೆ ಮುಗಿಸಿದರು. ಹಿಂದಿನಿಂದ ಒಂದು ಹುಡುಗಿ, ‘ಸಾರ್, ಹುಲಿನೇ ಗೆದ್ದಿದ್ದರೆ ನಮಗೆ ಯಾರು ಹೇಳ್ತಿದ್ರು?’ ಅಂದಳು. ಗೈಡ್ ನನ್ನ ಕಡೆ ಗುರಾಯಿಸಿದರು. ನಾನು ಆಕಾಶ ನೋಡಿದೆ.