ಗ್ಯಾಲಕ್ಸಿ ಲಂಚ್ ಅಂದರೆ ಏನು?

“ಮಾಮಾ, ಈಗ ಗ್ಯಾಲಕ್ಸಿ ಲಂಚ್ ಐತ್ರಿ. ಸಂಜಿಗೆ ಫೋನ್ ಮಾಡ್ತೀನಿ.” ಅಕ್ಕನ ಮಗಳು ಪುಣೆಯಲ್ಲಿ ಖಗೋಳ ವಿಜ್ಞಾನದ ಸಂಶೋಧನೆ ಮಾಡುತ್ತಾಳೆ. ಮಂಗಳವಾರ ಮಧ್ಯಾಹ್ನ ಯಾರು ಫೋನ್ ಮಾಡಿದರೂ ಇದೇ ಉತ್ತರ. ಇಲ್ಲಿ ವಿಜಯಪುರದಲ್ಲಿ ಅಕ್ಕ ಅದನ್ನು ಯಾವುದೋ ಹೋಟೆಲ್ ಊಟ ಅಂದುಕೊಂಡಿದ್ದಳು.

ನಕ್ಷತ್ರ, ಅನಿಲ, ಧೂಳು ಎಲ್ಲ ಒಂದರ ಸೆಳೆತಕ್ಕೆ ಇನ್ನೊಂದು ಸಿಕ್ಕಿ ಕೂಡಿಕೊಂಡಿರುವ ದೊಡ್ಡ ಗುಂಪೇ ಗ್ಯಾಲಕ್ಸಿ. ಆ ಪದದ ಗ್ರೀಕ್ ಬೇರಿನಲ್ಲಿ ಹಾಲಿದೆ, ನಮ್ಮ ‘ಹಾಲುಹಾದಿ’ಯಲ್ಲೂ ಇದೆ. ನಾವಿರುವ ಹಾಲುಹಾದಿಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಅಂದರೆ ಬೆಳಕಿಗೂ ಅದನ್ನು ದಾಟಲು ಅಷ್ಟು ವರ್ಷ ಬೇಕು. ಇಂಥ ಗ್ಯಾಲಕ್ಸಿಗಳ ಮೇಲೆ ಕೆಲಸ ಮಾಡುವವರು ವಾರಕ್ಕೊಮ್ಮೆ ಡಬ್ಬಿ ಹಿಡಿದು ಬಂದು, ಉಣ್ಣುತ್ತಾ ಮಾತಾಡುವುದು ಗ್ಯಾಲಕ್ಸಿ ಲಂಚ್. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಖಗೋಳ ಭೌತವಿಜ್ಞಾನಿ ಜಾನ್ ಬಾಕಾಲ್ ನಡೆಸುತ್ತಿದ್ದ ಮಂಗಳವಾರದ ಊಟ ಖಗೋಳ ವಿಜ್ಞಾನಿಗಳಲ್ಲಿ ಹೆಸರುವಾಸಿ.

ಹಾಗಾದರೆ ಇದೂ ಒಂದು ಸೆಮಿನಾರ್ ಅಲ್ವಾ? ಅಲ್ಲ. ಸೆಮಿನಾರ್‌ಗೆ ಮುಗಿದ ಕೆಲಸ ಒಯ್ಯುತ್ತಾರೆ. ಇಲ್ಲಿಗೆ ಅರ್ಧ ಆದದ್ದನ್ನು, ಕೈಕೊಟ್ಟದ್ದನ್ನು ತರುತ್ತಾರೆ. ನನ್ನ ಪ್ರಕಾರ ಇದರ ಬೆಲೆ ಇರುವುದೇ ಇಲ್ಲಿ.

ಒಮ್ಮೆ ನಮ್ಮ ಹುಡುಗಿ ಒಂದು ಗ್ರಾಫ್ ಒಯ್ದಿದ್ದಳು. ಪುಣೆ ಜಿಲ್ಲೆಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ರೇಡಿಯೊ ಆಂಟೆನಾಗಳಿವೆ. ಅವು ಹಿಡಿದ ಹೈಡ್ರೋಜನ್ ಅನಿಲದ 21 ಸೆಂ.ಮೀ. ಅಲೆಗಳಿಂದ ಒಂದು ಗ್ಯಾಲಕ್ಸಿ ತಿರುಗುವ ವೇಗವನ್ನು ಲೆಕ್ಕ ಹಾಕಿದ್ದಳು. ವೇಗ ತೀರಾ ಕಡಿಮೆ ಬಂದಿತ್ತು. ಎರಡು ವಾರದಿಂದ ಅದೇ ಚಿಂತೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಖಾಲಿ ತಟ್ಟೆ ಎತ್ತಿ ಹಿಡಿದು, ಇದು ಎಷ್ಟು ಓರೆ ಇದೆ ಅಂತ ಇಟ್ಟುಕೊಂಡಿದ್ದೀ ಎಂದು ಕೇಳಿದರಂತೆ.

ತಟ್ಟೆಯನ್ನು ನೇರ ಹಿಡಿದರೆ ದುಂಡಗೆ ಕಾಣುತ್ತದೆ, ಓರೆ ಮಾಡಿದಷ್ಟೂ ಚಪ್ಪಟೆ. ಗ್ಯಾಲಕ್ಸಿಯೂ ಹಾಗೇ. ಅಲೆಗಳಲ್ಲಿ ಸಿಗುವುದು ಅನಿಲ ನಮ್ಮತ್ತ ಬರುವ ಅಥವಾ ನಮ್ಮಿಂದ ದೂರ ಸರಿಯುವ ವೇಗ ಮಾತ್ರ. ಗ್ಯಾಲಕ್ಸಿ ನಮಗೆ ನೇರ ಮುಖ ಮಾಡಿದಷ್ಟೂ ಆ ಪಾಲು ಕಡಿಮೆ, ನಿಜವಾದ ವೇಗ ಅದಕ್ಕಿಂತ ಎಷ್ಟೋ ಜಾಸ್ತಿ. ಅವಳು ಗ್ಯಾಲಕ್ಸಿ ಬಹಳ ಓರೆ ಇದೆ ಅಂದುಕೊಂಡು ಲೆಕ್ಕ ಮಾಡಿದ್ದಳು. ತಟ್ಟೆ ಕೆಳಗಿಡುವಷ್ಟರಲ್ಲಿ ತಪ್ಪು ಸಿಕ್ಕಿತ್ತು.

1950ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ‘ಎಲ್ಲಿದ್ದಾರೆ ಎಲ್ಲರೂ?’ ಅಂದದ್ದೂ ಗೆಳೆಯರ ಜೊತೆ ಊಟಕ್ಕೆ ಕೂತಾಗಲೇ. ಬೇರೆ ಲೋಕದ ಜೀವಿಗಳಿದ್ದರೆ ಯಾಕೆ ಕಾಣಿಸುತ್ತಿಲ್ಲ ಅನ್ನುವ ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಕನ್ನಡದಲ್ಲಿ ಇದಕ್ಕೆ ಏನನ್ನೋಣ? ‘ಭೋಜನಕೂಟ’ ಅಂದರೆ ಊಟವೇ ದೊಡ್ಡದಾಗುತ್ತದೆ. ‘ವಿಚಾರ ಸಂಕಿರಣ’ ಅಂದರೆ ಹಾರ, ಶಾಲು ಕಣ್ಮುಂದೆ ಬರುತ್ತವೆ. ನಮ್ಮ ಕಡೆ ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೂ ಕೂತು ಬುತ್ತಿ ಬಿಚ್ಚುತ್ತೇವೆ. ನಮ್ಮ ಸಜ್ಜೆ ರೊಟ್ಟಿ ನಿಮಗೆ, ನಿಮ್ಮ ಶೇಂಗಾ ಹೋಳಿಗೆ ನಮಗೆ. ಅದಕ್ಕೇ ನಾನು ‘ಬುತ್ತಿಗೋಷ್ಠಿ’ ಅನ್ನುತ್ತೇನೆ.

ಅಕ್ಕನಿಗೂ ಈ ಹೆಸರು ಹಿಡಿಸಿದೆ. ಮಂಗಳವಾರ ಸಂಜೆ ಅವಳೇ ಮಗಳಿಗೆ ಫೋನ್ ಮಾಡುತ್ತಾಳೆ: “ಇವತ್ತ ಬುತ್ತಿ ಯಾರು ಬಿಚ್ಚಿದ್ರವಾ?”