ಇಲಿಬಾಲದ ಜಡೆಯ ಲೆಕ್ಕ

ನನ್ನ ತಲೆಯ ಮೇಲೆ ಹೂವು ನಿಲ್ಲುವುದಿಲ್ಲ. ಮದುವೆಮನೆಯಲ್ಲಿ ಯಾರೋ ಪ್ರೀತಿಯಿಂದ ಭಟ್ಕಳ ಮಲ್ಲಿಗೆಯ ದಂಡೆ ಮುಡಿಸುತ್ತಾರೆ. ಊಟದ ಪಂಕ್ತಿಗೆ ಕೂರುವಷ್ಟರಲ್ಲಿ ಅದು ಜಾರಿ ಹೆಗಲಿಗೆ ಬಂದಿರುತ್ತದೆ, ಪಾಯಸ ಬಡಿಸುವ ಹೊತ್ತಿಗೆ ಹಿಂದಿನ ಸಾಲಿನವರ ಕಾಲಡಿಗೆ. ಶಿರಸಿಯಲ್ಲಿರುವ ನಮ್ಮ ಆಯಿಗೆ ಇದು ಮುಗಿಯದ ಕೊರಗು. "ತಂಗಿ, ಜಡೆ ಇಲಿಬಾಲ ಆಗೋಜಲೇ! ಎಣ್ಣೆ ಹಾಕ್ದೇ ಇದ್ರೆ ಕೂದ್ಲು ಎಲ್ಲಿ ಉಳಿತು?" ಎನ್ನುತ್ತ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬರುತ್ತಾಳೆ. ಅವಳದ್ದು ಎಪ್ಪತ್ತರ ವಯಸ್ಸಿನಲ್ಲೂ ಮುಷ್ಟಿ ತುಂಬುವ ತುರುಬು. ವಾದಕ್ಕೆ ಇಳಿಯುವ ಮೊದಲೇ ನಾನು ಅರ್ಧ ಸೋತಿರುತ್ತೇನೆ.

ಕಾರವಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವುದು ನನ್ನ ಕೆಲಸ. ಪಿಯುಸಿ ಮಕ್ಕಳಿಗೆ ಸ್ಕ್ರೂಗೇಜ್ ಕೊಟ್ಟು ತಂತಿಯ ದಪ್ಪ ಅಳೆಸುವ ಪ್ರಯೋಗವೊಂದಿದೆ. ಒಂದು ದಿನ ಬ್ಯಾಚ್ ಮುಗಿದ ಮೇಲೆ ತಂತಿಯ ಜಾಗದಲ್ಲಿ ನನ್ನದೇ ಒಂದು ಕೂದಲಿಟ್ಟು ತಿರುಪು ತಿರುಗಿಸಿದೆ. ಐದು ಗೀಟು, ಅಂದರೆ 0.05 ಮಿಲಿಮೀಟರ್. ಪಕ್ಕದಲ್ಲಿ ಅಂಕೋಲೆಯ ಹುಡುಗಿಯೊಬ್ಬಳು ನಿಂತು ನೋಡುತ್ತಿದ್ದಳು. ಅವಳ ಜಡೆ ಮಣಿಕಟ್ಟಿನಷ್ಟು ದಪ್ಪ. ಅವಳದ್ದೊಂದು ಕೂದಲು ಕೇಳಿ ಅಳೆದೆ. ಏಳು ಗೀಟು.

"ಎರಡೇ ಗೀಟಾ ಮಿಸ್?" ಎಂದಳು, ನನ್ನ ಮೇಲೆ ಕನಿಕರ ಬಂದವಳ ಹಾಗೆ.

ಎರಡೇ ಗೀಟು. ಆದರೆ ಆ ಎರಡು ಗೀಟು ಏನೇನು ಮಾಡುತ್ತದೆ ನೋಡಿ. ಜಡೆಯ ಗಾತ್ರವನ್ನು ನಿರ್ಧರಿಸುವುದು ಕೂದಲಿನ ಅಡ್ಡಕೊಯ್ತದ ವಿಸ್ತೀರ್ಣ, ಅದು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಐದೈದಲ ಇಪ್ಪತ್ತೈದು, ಏಳೇಳಲ ನಲವತ್ತೊಂಬತ್ತು. ನಮ್ಮಿಬ್ಬರ ತಲೆಯಲ್ಲೂ ಲೆಕ್ಕಕ್ಕೆ ಅಷ್ಟೇ ಕೂದಲಿದ್ದರೂ ನನ್ನ ಜಡೆಯ ಸರಕು ಅವಳದ್ದರ ಅರ್ಧ. ಇನ್ನು ಬಾಗದೆ ನಿಲ್ಲುವ ಬಿಗಿ ದಪ್ಪದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ಆ ಲೆಕ್ಕದಲ್ಲಿ ನನ್ನ ಕೂದಲಿನ ಬಿಗಿ ಅವಳದ್ದರ ಕಾಲುಭಾಗಕ್ಕೆ ಇಳಿಯಿತು. ತೆಂಗಿನ ಗರಿಯ ಕಡ್ಡಿಯೊಂದನ್ನು ಬುಡ ಹಿಡಿದು ಅಡ್ಡಲಾಗಿ ಚಾಚಿ. ಬುಡದ ಕಡೆ ನೆಟ್ಟಗಿರುತ್ತದೆ, ತುದಿ ತನ್ನಷ್ಟಕ್ಕೆ ಜೋಲುತ್ತದೆ. ದಪ್ಪ ಕೂದಲು ಬುಡದ ಕಡ್ಡಿಯಂತೆ ನೆತ್ತಿಯಿಂದ ಎದ್ದು ನಿಂತು, ಪಕ್ಕದ ಕೂದಲನ್ನು ದೂರ ತಳ್ಳಿ, ನಡುವೆ ಗಾಳಿ ತುಂಬಿಕೊಳ್ಳುತ್ತದೆ. ನವಿರು ಕೂದಲು ಹುಟ್ಟಿದಲ್ಲೇ ಒರಗುತ್ತದೆ. ನಾವು 'ತುಂಬು ಕೂದಲು' ಎನ್ನುವುದರಲ್ಲಿ ದೊಡ್ಡ ಪಾಲು ಈ ಗಾಳಿಯದ್ದು.

ಈ ಎಳೆ ತೆಳುವಾಗಿರುವುದು ಒಂದು ಸಂಗತಿ, ಕೂದಲ ಸಂಖ್ಯೆ ಕಡಿಮೆಯಾಗುವುದು ಬೇರೆ ಸಂಗತಿ, ಉದುರುವುದು ಮೂರನೆಯದು. ಮೂರಕ್ಕೂ ನಾವು 'ಕೂದಲು ತೆಳ್ಳಗಾಗಿದೆ' ಎಂಬ ಒಂದೇ ಮಾತು ಬಳಸಿ, ಒಂದೇ ಎಣ್ಣೆ ಹಚ್ಚುತ್ತೇವೆ. ನನ್ನ ಪ್ರಕಾರ ಹಣವೂ ಸಮಯವೂ ಹಾಳಾಗುವುದು ಇಲ್ಲೇ.

ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ಒಂದೊಂದೂ ಎರಡರಿಂದ ಆರು ವರ್ಷ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆದು, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಮೂರು ತಿಂಗಳಷ್ಟು ಸುಮ್ಮನಿದ್ದು ಕಳಚಿಕೊಳ್ಳುತ್ತದೆ. ದಿನಕ್ಕೆ 50ರಿಂದ 100 ಉದುರಿದರೆ ಅದು ಲೆಕ್ಕದೊಳಗಿನ ಮಾತು. ಕೂದಲು ಹುಟ್ಟುವ ಕುಳಿಗಳ ಸಂಖ್ಯೆ ಮಗು ಹೊಟ್ಟೆಯಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಹೊಸ ಕುಳಿ ಹುಟ್ಟುವುದಿಲ್ಲ. ಚೌಲ ಮಾಡಿಸಿ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎನ್ನುವುದು ಕತ್ತರಿಸಿದ ಮೊಂಡು ತುದಿ ಕೈಗೆ ಒರಟಾಗಿ ಸಿಗುವುದರಿಂದ ಹುಟ್ಟಿದ ನಂಬಿಕೆ. ಚೌಲ ಮಾಡಿಸಿ, ಬೇಡ ಎನ್ನುವುದಿಲ್ಲ, ಊಟಕ್ಕೆ ನನ್ನನ್ನೂ ಕರೆಯಿರಿ.

ಉದುರುವುದರಲ್ಲಿ ಮೋಸ ಮಾಡುವುದು ಆ ಮೂರು ತಿಂಗಳ ವಿರಾಮ. ಆಷಾಢದ ಜಡಿಮಳೆಯಲ್ಲಿ ಡೆಂಗಿ ಬಂದು ಮಲಗಿದವಳ ಕೂದಲು ಆಗ ಗಟ್ಟಿಯಾಗಿಯೇ ಇರುತ್ತದೆ. ಜ್ವರದ ಹೊಡೆತಕ್ಕೆ ಬೆಳೆಯುತ್ತಿದ್ದ ಕೂದಲುಗಳು ಗುಂಪಾಗಿ ವಿಶ್ರಾಂತಿಗೆ ಹೋಗುತ್ತವೆ, ಅವು ಒಟ್ಟಿಗೇ ಕಳಚುವುದು ದೀಪಾವಳಿಯ ಹೊತ್ತಿಗೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಬೈಗುಳ ಬೀಳುವುದು ಹೊಸ ಶಾಂಪೂವಿಗೋ ಹಾಸ್ಟೆಲ್ ನೀರಿಗೋ. ಬಾಣಂತಿಯರದ್ದೂ ಇದೇ ಕತೆ. ಮಗು ತಾಯಿಯ ಮುಖ ನೋಡಿ ನಗಲು ಶುರುಮಾಡಿದರೆ ಅವಳ ಕೂದಲು ಉದುರುತ್ತದೆ ಎನ್ನುವ ಮಾತು ಕೇಳಿದ್ದೇನೆ. ಕಾರಣ ತಪ್ಪು, ತಿಂಗಳ ಲೆಕ್ಕ ಸರಿ! ಬಸಿರಿನಲ್ಲಿ ಏರಿದ್ದ ಈಸ್ಟ್ರೋಜನ್ ಎಂಬ ಹಾರ್ಮೋನು ಉದುರಬೇಕಿದ್ದ ಕೂದಲನ್ನು ಹಿಡಿದಿಟ್ಟಿರುತ್ತದೆ. ಹೆರಿಗೆಯಾದ ಮೇಲೆ ಅದು ಇಳಿದಾಗ ಬಾಕಿಯೆಲ್ಲ ಒಟ್ಟಿಗೆ ಚುಕ್ತಾ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಎಣ್ಣೆ ಬದಲಿಸುವ ಬದಲು ರಕ್ತ ಪರೀಕ್ಷೆ ಮಾಡಿಸಬೇಕು, ಕಬ್ಬಿಣದ ಅಂಶದ್ದು ಮತ್ತು ಥೈರಾಯ್ಡಿನದು.

ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಗಂಡಸರಲ್ಲಿ ನೆತ್ತಿ ಮತ್ತು ಹಣೆಯ ಮೂಲೆ ಬರಿದಾಗುತ್ತಿದ್ದರೆ, ಅದು ವಂಶದಿಂದ ಬಂದದ್ದು. ಅಲ್ಲಿ ಕುಳಿಗಳೇ ಕುಗ್ಗುತ್ತ ಪ್ರತಿ ಸುತ್ತಿಗೂ ಇನ್ನಷ್ಟು ನವಿರಾದ, ಗಿಡ್ಡ ಕೂದಲು ಹುಟ್ಟಿಸುತ್ತವೆ. ಇದಕ್ಕೆ ಹಚ್ಚುವ ಮಿನಾಕ್ಸಿಡಿಲ್ ಮೊದಲಿಗೆ ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ಕೂದಲು ಬರತೊಡಗಿದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ ಅದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಚರ್ಮವೈದ್ಯರನ್ನು ಕೇಳದೆ ಶುರುಮಾಡುವಂಥದ್ದಲ್ಲ.

ಇನ್ನು ಆಯಿಯ ಬಾಟಲಿಗೆ ಬರೋಣ. ಚಿತ್ರ ಬಿಡಿಸುವ ಕುಂಚವನ್ನು ನೀರಿನಲ್ಲಿ ಅದ್ದಿ ಎತ್ತಿದರೆ ಹರಡಿದ್ದ ಎಳೆಗಳೆಲ್ಲ ಒಟ್ಟಾಗಿ ಚೂಪಾಗುತ್ತವಲ್ಲ, ಆ ಕೆಲಸ ದ್ರವದ ಮೇಲ್ಮೈ ಸೆಳೆತದ್ದು. ಎಣ್ಣೆಯೂ ಕೂದಲಿಗೆ ಮಾಡುವುದು ಅದನ್ನೇ. ದಪ್ಪ ಕೂದಲು ತನ್ನ ಬಿಗಿಯಿಂದ ಆ ಸೆಳೆತಕ್ಕೆ ಎದುರು ನಿಲ್ಲುತ್ತದೆ. ಕಾಲುಭಾಗ ಬಿಗಿಯ ನನ್ನ ಕೂದಲು ಶರಣಾಗಿ ಕಂತೆ ಕಂತೆಯಾಗಿ ಅಂಟಿಕೊಂಡು, ನಡುವೆ ನೆತ್ತಿ ಬಿಳಿಚಿ ಕಾಣುತ್ತದೆ. ಆಯಿಯ ತುರುಬಿಗೆ ಹೊಳಪು ಕೊಡುವ ಅದೇ ಎಣ್ಣೆ ನನ್ನ ಜಡೆಯನ್ನು ಇಲಿಬಾಲ ಮಾಡುತ್ತದೆ.

ಹಾಗೆಂದು ಎಣ್ಣೆ ದಂಡವೇನಲ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೆಟ್ಟಗಿನದು. ಹಾಗಾಗಿ ಕೂದಲಿನ ಒಳಕ್ಕೇ ಇಳಿಯುತ್ತದೆ. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ, ಕೂದಲಿನ ಪ್ರೋಟೀನು ತೊಳೆದುಹೋಗುವುದನ್ನು ತಡೆಯುವುದು ಈ ಮೂರರಲ್ಲಿ ಕೊಬ್ಬರಿ ಎಣ್ಣೆಯೇ ಎಂದು ತೋರಿಸಿದರು. (ಅವರು ಕೆಲಸಕ್ಕಿದ್ದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲೇ, ಅದನ್ನೂ ನೆನಪಿಟ್ಟುಕೊಳ್ಳಿ.) ಕೂದಲು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ ಸವೆಯುವುದು ತಲೆ ಮೀಯುವಾಗ. ಹಾಗಾಗಿ ಎಣ್ಣೆಯ ಸಮಯ ಮೀಯುವ ಮೊದಲು. ಒಂದು ತಾಸು ಮುಂಚೆ, ಅಂಗೈಗೆ ಸವರುವಷ್ಟು, ಬುಡಕ್ಕಿಂತ ಉದ್ದಕ್ಕೆ. ಮಿಂದ ಮೇಲೆ ಮತ್ತೆ ಬೇಡ. ತಲೆಹೊಟ್ಟು ಇರುವವರು ರಾತ್ರಿಯಿಡೀ ಬಿಡುವುದೂ ಬೇಡ, ಹೊಟ್ಟಿನ ಹಿಂದಿರುವ ಮಲಸೀಜಿಯ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ದೀಪಾವಳಿಗೆ ಎಣ್ಣೆ ಹಚ್ಚಿ, ಹಂಡೆ ನೀರಿನಲ್ಲಿ ಸೀಗೇಕಾಯಿ ಹಾಕಿ ಮೀಯುವ ಅಭ್ಯಂಜನದ ಕ್ರಮವೂ ಇದೇ ಅಲ್ಲವೇ ಎಂದು ಆಯಿಯನ್ನು ಕೇಳಿದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ಉತ್ತರ ಕೊಡಲಿಲ್ಲ. ಅಷ್ಟನ್ನೇ ಗೆಲುವು ಎಂದುಕೊಂಡೆ.

ತೊಳೆಯುವುದಕ್ಕೆ ಸೀಗೇಕಾಯಿ, ಅಂಟುವಾಳ, ಶಾಂಪೂ ಯಾವುದಾದರೂ ಆದೀತು. ಮೊದಲೆರಡರಲ್ಲಿ ನೊರೆ ಬರಿಸುವುದು ಸ್ಯಾಪೋನಿನ್. ಮೈಸೋಪು ಮಾತ್ರ ಬೇಡ, ಅದರ ಕ್ಷಾರಕ್ಕೆ ಕೂದಲ ಮೇಲಿನ ಹಂಚಿನಂಥ ಪದರ ಎದ್ದು ಸಿಕ್ಕಾಗುತ್ತದೆ. ನವಿರು ಕೂದಲಿನವರ ನೆತ್ತಿಯ ಜಿಡ್ಡು ಬೇಗ ಎಳೆಗಿಳಿದು ಕಾಣುವುದರಿಂದ ವಾರಕ್ಕೊಮ್ಮೆ ಸಾಲದು, ಎರಡು ಮೂರು ಸಲ ಮೀಯಬೇಕು. ಕಂಡೀಷನರ್ ತುದಿಗೆ ಮಾತ್ರ. ದಾಸವಾಳದ ಎಲೆ ಕಿವುಚಿದ ಲೋಳೆಯೂ ಒಂದು ಕಂಡೀಷನರೇ. ಅದರ ಪದರ ನೀರಿಗೇ ಬಿಟ್ಟುಕೊಳ್ಳುತ್ತದೆ, ನನ್ನಂಥವರಿಗೆ ಭಾರವೆನಿಸುವುದಿಲ್ಲ.

ಕಾರವಾರದಲ್ಲಿರುವವರ ದೊಡ್ಡ ಶತ್ರು ಗಾಳಿಯ ತೇವ. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ಗಾಳಿಯ ತೇವ ಅಳೆಯುವ ತನ್ನ ಯಂತ್ರವನ್ನು ವಿವರಿಸಿದ. ಅದರ ಹೃದಯದಲ್ಲಿದ್ದದ್ದು ಮನುಷ್ಯರ ಒಂದು ಕೂದಲು. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವಕ್ಕೆ ಬಂದರೆ ಕೂದಲು ನೂರಕ್ಕೆ ಎರಡು ಪಾಲಿನಷ್ಟು ಉದ್ದವಾಗುತ್ತದೆ. ಕೂದಲಿಗೆ ಎಣ್ಣೆಯಿದ್ದರೆ ಯಂತ್ರ ಸರಿಯಾಗಿ ಓದುವುದಿಲ್ಲವೆಂದು ಅವನು ಅದನ್ನು ಕ್ಷಾರದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಆಯಿ ನೋಡಿದ್ದರೆ ಅವನಿಗೂ ಬೈಗುಳ ಖಾತ್ರಿ.

ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಹೈಡ್ರೋಜನ್ ಬಂಧಗಳಿವೆ. ನೀರು ಹೊಕ್ಕರೆ ಇವು ಬಿಡುತ್ತವೆ, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಫೆಬ್ರವರಿಯಲ್ಲಿ ಶಿರಸಿಯ ಮನೆಯಿಂದ ಚೆನ್ನಾಗಿ ಒಣಗಿಸಿ, ಉಬ್ಬಿಸಿ ಹೊರಟ ತಲೆ, ಬಸ್ಸು ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟುವಷ್ಟರಲ್ಲಿ ಚಪ್ಪಟೆ. ಬಂಧಗಳೆಲ್ಲ ಸಮುದ್ರದ ಗಾಳಿಗೆ ಸಡಿಲಾಗಿರುತ್ತವೆ.

ಇದೇ ಗುಣವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ನಮ್ಮಲ್ಲಿ ಬಾಣಂತಿಗೆ ಮೀಯಿಸಿದ ಮೇಲೆ ತಲೆಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಕೂದಲನ್ನು ಮುಖದ ಮೇಲೆ ಇಳಿಬಿಟ್ಟು, ಕೆಂಡದ ಮೇಲೆ ಲೋಬಾನ ಹಾಕಿ ಒಣಗಿಸುತ್ತಿದ್ದರು. ತಲೆ ಎತ್ತಿದರೆ ಕೂದಲು ಬುಡದಿಂದಲೇ ಎದ್ದು ನಿಂತಿರುತ್ತಿತ್ತು. ಇಂದು ಪಾರ್ಲರಿನಲ್ಲಿ ತಲೆ ಬಾಗಿಸಿ ಡ್ರೈಯರ್ ಹಿಡಿಯುವುದು ಇದೇ ಕೆಲಸ. ಟವೆಲಿನಿಂದ ಒತ್ತಿ ಮುಕ್ಕಾಲು ಪಾಲು ಒಣಗಿದ ಮೇಲೆ, ಹದ ಬಿಸಿಯಲ್ಲಿ, ಬುಡಕ್ಕೆ ಗಾಳಿ ಹಿಡಿದು, ಕೊನೆಗೆ ಅರ್ಧ ನಿಮಿಷ ತಣ್ಣನೆ ಗಾಳಿ. ಒದ್ದೆ ತಲೆಯನ್ನು ಹಾಗೇ ಬಾಚಿ ಗಂಟು ಹಾಕಿದರೆ ಬಂಧಗಳು ನೆತ್ತಿಗಂಟಿದ ಭಂಗಿಯಲ್ಲೇ ಕೂಡುತ್ತವೆ. ಆಮೇಲೆ ಏನು ಮಾಡಿದರೂ ಅಷ್ಟೇ.

ಇದೆಲ್ಲ ತಿಳಿಯುವ ಮೊದಲು ನಾನೂ ಒಂದು ಪಾರ್ಲರಿನಲ್ಲಿ ರೀಬಾಂಡಿಂಗ್ ಮಾಡಿಸಿಕೊಂಡಿದ್ದೆ. ಅದು ಗಂಧಕದ ಗಟ್ಟಿ ಬಂಧಗಳನ್ನೇ ಮುರಿದು ನೆಟ್ಟಗೆ ಕೂಡಿಸುವ ಕೆಲಸ, ನವಿರು ಕೂದಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಇದ್ದ ಅಲ್ಪಸ್ವಲ್ಪ ಅಲೆಯೂ ಹೋಗಿ, ತಿಂಗಳಿಗೆ 1 ಸೆಂಟಿಮೀಟರಿನಂತೆ ಹಳೆಯದನ್ನು ಕತ್ತರಿಸಿ ಮುಗಿಸಲು ಎರಡು ವರ್ಷ ಹಿಡಿಯಿತು. ಅದರಿಂದ ಒಂದು ಪಾಠ ಸಿಕ್ಕಿತು, ಹೆಗಲವರೆಗಿನ ಕೂದಲು. ಉದ್ದ ಕಡಿಮೆಯಾದರೆ ಬುಡವನ್ನು ಜಗ್ಗುವ ಭಾರ ಕಡಿಮೆ, ತುದಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದರೆ ಅಂಚು ದಟ್ಟವಾಗಿ ಕಾಣುತ್ತದೆ. ಬೈತಲೆಯನ್ನು ಗೀಟು ಹೊಡೆದಂತೆ ನೇರ ತೆಗೆಯದೆ ಸ್ವಲ್ಪ ಅಂಕುಡೊಂಕು ಮಾಡಿದರೆ ಕಪ್ಪಿನ ನಡುವಿನ ಬಿಳಿ ಗೆರೆ ಕಣ್ಣಿಗೆ ಹೊಡೆಯುವುದಿಲ್ಲ. ಹಬ್ಬಕ್ಕೆ ಉದ್ದ ಜಡೆಯೇ ಬೇಕೆಂದರೆ ಚೌರಿ ಇದೆ. ಅಜ್ಜಿಯಂದಿರು ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಎತ್ತಿಡುತ್ತಿದ್ದುದು ಸುಮ್ಮನಲ್ಲ. ಜಡೆಯನ್ನು ಹಣೆ ಎಳೆಯುವಷ್ಟು ಬಿಗಿಯಾಗಿ ಹೆಣೆಯುವುದೊಂದು ಬೇಡ, ದಿನವೂ ಜಗ್ಗಿದರೆ ಅಂಚಿನ ಕುಳಿಗಳು ಕೊನೆಗೆ ಕೂದಲು ಕೊಡುವುದನ್ನೇ ಬಿಡುತ್ತವೆ.

ಹೂವಿನ ದಂಡೆಗೂ ಈಗ ದಾರಿ ಸಿಕ್ಕಿದೆ. ಮದುವೆಯ ದಿನ ತಲೆ ಮೀಯುವುದಿಲ್ಲ, ಹಿಂದಿನ ದಿನವೇ ಮಿಂದಿರುತ್ತೇನೆ. ಆಗತಾನೆ ತೊಳೆದ ಕೂದಲು ತೀರಾ ಜಾರು. ಹಿಂದಲೆಯಲ್ಲಿ, ಮೇಲಿನ ಪದರ ಎತ್ತಿ, ಒಳಗೆ ಕಿರುಬೆರಳಿನಷ್ಟು ಒಂದು ಜಡೆ ಅಡ್ಡಲಾಗಿ ಹೆಣೆದು ಪಿನ್ನು ಹಾಕುತ್ತೇನೆ. ಹೆಣಿಗೆಯಲ್ಲಿ ಎಳೆಗೆ ಎಳೆ ಉಜ್ಜಿ ಹಿಡಿತ ಬರುತ್ತದೆ. ಅದರ ಮೇಲೆ ಪದರ ಇಳಿಬಿಟ್ಟು, ದಂಡೆಯ ದಾರವನ್ನು ಆ ಒಳಜಡೆಗೆ ಸಿಕ್ಕಿಸಿ, ಎರಡು ಪಿನ್ನು ಕತ್ತರಿಯಂತೆ ಅಡ್ಡಡ್ಡ. ಕಳೆದ ವೈಶಾಖದಲ್ಲಿ ಕುಮಟೆಯ ಮದುವೆಯೊಂದರಲ್ಲಿ ಮಲ್ಲಿಗೆ ಪಾಯಸ ದಾಟಿ, ಮಜ್ಜಿಗೆಯವರೆಗೂ ನಿಂತಿತ್ತು. ಕೈತೊಳೆಯಲು ಎದ್ದಾಗ ಆಯಿ ಹಿಂದಿನಿಂದ ಬಂದು ದಂಡೆಯನ್ನು ಮೆಲ್ಲಗೆ ಜಗ್ಗಿ ನೋಡಿದಳು.